ಜೀಪು ಬಂದಲ್ಲಿಗೆ ಮುಗಿಯುತ್ತಿದ್ದ ತಾಲೀಮು

ನೀಲವ್ವ ಬಸುರಿ ಎಂದು ತಿಳಿದ ದಿನ ಆ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ನೀಲವ್ವ ಅಲ್ಲಿಯ ಆಯಾ. ಅವಳ ಮೊದಲ ಹೆರಿಗೆಯೂ ಅದೇ ಕೋಣೆಯಲ್ಲಿ ಆಗಿತ್ತು. ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲದೆ, ಬಾಗಲಕೋಟೆ ಮುಟ್ಟುವಷ್ಟರಲ್ಲಿ ಅವಳ ನಾಡಿ ಕೈಗೆ ಸಿಗುತ್ತಿರಲಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಅದು ನಾನು ಕೇಳಿದ್ದು. ಅವಳು ಬದುಕಿ ಬಂದು ಅದೇ ಕೋಣೆಯ ನೆಲ ಒರೆಸುತ್ತಿದ್ದುದು ನಾನು ಕಂಡದ್ದು. ಒಮ್ಮೆ ಹಾಗಾದವಳಿಗೆ ಮುಂದಿನ ಹೆರಿಗೆಯಲ್ಲೂ ಹಾಗಾಗುವ ಸಂಭವ ಹೆಚ್ಚು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀಲವ್ವನಿಗೂ ಗೊತ್ತಿತ್ತು.

ನಾನು ನರ್ಸ್. ಬಾದಾಮಿ ಮತ್ತು ಇಳಕಲ್ ಕಡೆ ಕೆಲಸ ಮಾಡಿ ಬಾಗಲಕೋಟೆಗೆ ಬಂದ ಮೇಲೆ, ಎರಡು ಸಾವಿರದ ಈಚೆಯ ವರ್ಷಗಳಲ್ಲಿ, ತಾಲ್ಲೂಕುಗಳ ಆಸ್ಪತ್ರೆಗಳಿಗೆ ಹೋಗಿ ಹೆರಿಗೆಯ ಅಪಾಯಗಳಿಗೆ ತಾಲೀಮು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಈಗ ಈ ಕೆಲಸಕ್ಕೆ ಸೇರುವವರಿಗೆ ಉಸಿರಾಡುವ ಗೊಂಬೆ ಸಿಗುತ್ತದೆ, ಆದದ್ದನ್ನೆಲ್ಲ ಹಿಡಿದಿಡುವ ಕ್ಯಾಮೆರಾ ಸಿಗುತ್ತದೆ. ನಮಗೆ ಸಿಕ್ಕಿದ್ದೇನು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬೇಡ. ಹುನಗುಂದದ ಕಡೆಯದು ಎಂದರೆ ಸಾಕು.

ತಾಲೀಮು ಎಂದರೆ ಇಷ್ಟೆ. ಹೆರಿಗೆ ಕೋಣೆಯಲ್ಲಿ ಬರಬಹುದಾದ ಒಂದು ಅಪಾಯವನ್ನು ಸುಳ್ಳಾಗಿ ಹುಟ್ಟಿಸುವುದು, ಅಲ್ಲಿ ದಿನವೂ ದುಡಿಯುವವರೇ ಸೇರಿ ಅದನ್ನು ಎದುರಿಸುವುದು, ಆಮೇಲೆ ಕುಳಿತು ಏನು ನಡೆಯಿತೆಂದು ಮಾತಾಡುವುದು. ಬರೀ ಪಾಠವಾದರೆ ಎಲ್ಲರೂ ಪಾಸಾಗುತ್ತಿದ್ದರು. ರಕ್ತಸ್ರಾವಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರೆ, ಗರ್ಭಕೋಶ ಗಟ್ಟಿಯಾಗುವಂತೆ ಹೊಟ್ಟೆ ತಿಕ್ಕುವುದರಿಂದ ಹಿಡಿದು ಕೊನೆಯ ಇಂಜೆಕ್ಷನ್ನಿನವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದರು. ನಮ್ಮ ಕೋಣೆಗಳಲ್ಲಿ ಹೆಂಗಸರು ಸಾಯುತ್ತಿದ್ದುದು ಯಾರಿಗೂ ಏನೂ ಗೊತ್ತಿಲ್ಲದ್ದಕ್ಕಲ್ಲ. ಗೊತ್ತಿದ್ದವರೆಲ್ಲ ಒಟ್ಟಿಗೆ ಓಡಿ ಒಬ್ಬರಿಗೊಬ್ಬರು ಅಡ್ಡ ಬರುತ್ತಿದ್ದುದಕ್ಕೆ.

ನನ್ನ ಮೊದಲ ತಾಲೀಮು ಬಾದಾಮಿ ತಾಲ್ಲೂಕಿನಲ್ಲಿ. ಮೇಜಿನ ಮೇಲೆ ಬಾಣಂತಿಯಾಗಿ ಮಲಗಲು ಯಾರೂ ಒಪ್ಪಲಿಲ್ಲ.

“ಸುಳ್ಳಽ ಮಲಗೂದವ್ವಾ,” ಎಂದೆ.

“ಸುಳ್ಳ ಅಂತ ಶುರು ಮಾಡಿದ್ದಽ ಖರೆ ಆಗಿಬಿಟ್ರ ಏನ್ ಮಾಡ್ತೀರಿ ಅಕ್ಕಾರ? ನಮ್ಮತ್ತಿಗೆ ಗೊತ್ತಾದ್ರ ಮನಿಯೊಳಗ ಕರ್ಕೊಳ್ಳಂಗಿಲ್ಲ ನನ್ನ,” ಎಂದಳು ಒಬ್ಬ ನರ್ಸ್ ಹುಡುಗಿ.

ರಕ್ತಕ್ಕೆಂದು ಇನ್ನೊಬ್ಬಳು ನೀರಿಗೆ ಕುಂಕುಮ ಕಲಸಿದ್ದಳು. ಆ ಲೋಟವನ್ನು ಮತ್ತೊಬ್ಬಳು ಕಸಿದುಕೊಂಡಳು. “ಕುಂಕುಮ ಹಿಂಗ ಚೆಲ್ಲತಾರೇನ? ತಲಿ ನೆಟ್ಟಗೈತಿಲ್ಲೊ ನಿಂದು?”

ಕೊನೆಗೆ ನಾನೇ ಮಲಗಿದೆ. ಮುಂದೆಯೂ ಬಹಳ ವರ್ಷ ನಾನೇ ಮಲಗುತ್ತಿದ್ದೆ. ಕೆಂಪು ಬಣ್ಣವನ್ನು ಇಳಕಲ್‌ನಲ್ಲಿ ನೂಲಿಗೆ ಬಣ್ಣ ಕಟ್ಟುವವರ ಮನೆಯಿಂದ ತಂದೆ. ಸೀರೆಯ ಸೆರಗಿಗೆ ಹಿಡಿಯುವ ಬಣ್ಣ ಅದು. ಮೇಜಿನ ರೆಕ್ಸಿನ್ನಿಗೆ ಒಮ್ಮೆ ಹತ್ತಿದ್ದು ಮತ್ತೆ ಹೋಗಲಿಲ್ಲ.

ಮೇಜಿನ ಮೇಲೆ ಮಲಗಿದವರಿಗೆ ಕಾಣುವುದು ಕಡಿಮೆ, ಕೇಳುವುದು ಹೆಚ್ಚು. ಆ ದಿನ ಕೇಳಿದ್ದು ಇದು. “ಯಾರರ ಬಿಪಿ ನೋಡ್ರಿ.” “ಯಾರರ ಡ್ರಿಪ್ ಹಚ್ರಿ.” “ಯಾರರ ಸಾಹೇಬ್ರಿಗೆ ಹೇಳ್ರಿ.” ಕೋಣೆ ತುಂಬ ಜನರಿದ್ದರು, ಯಾರರ ಎಂಬ ಹೆಸರಿನವರು ಒಬ್ಬರೂ ಇರಲಿಲ್ಲ. ಮೂವರು ಒಂದೇ ಟ್ರೇಗೆ ಕೈ ಹಾಕಿದರು, ನನ್ನ ಹೊಟ್ಟೆಯ ಮೇಲೆ ಯಾರ ಕೈಯೂ ಇರಲಿಲ್ಲ. ಹೊರಗೆ ಓಡಿದವಳು ಬಾಗಿಲಲ್ಲಿ ಒಳಗಿನ ಚಪ್ಪಲಿ ಬಿಟ್ಟು ಹೊರಗಿನ ಚಪ್ಪಲಿ ಹುಡುಕುತ್ತ ನಿಂತಳು. ಔಷಧದ ಕಪಾಟಿಗೆ ಬೀಗವಿತ್ತು, ಅದರ ಚಾವಿ ಊಟಕ್ಕೆ ಮನೆಗೆ ಹೋಗಿದ್ದ ಹಿರಿಯ ಸಿಸ್ಟರ್‌ನ ಸೊಂಟದಲ್ಲಿತ್ತು. ತಾಲೀಮು ಮುಗಿದಾಗ ನಾನು ಸತ್ತಿದ್ದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿದರು. ಅವರಲ್ಲಿ ಹಲವರು ಇದನ್ನೇ ಸುಳ್ಳಲ್ಲದೆ ಕಂಡಿದ್ದರು.

ಅಲ್ಲಿಂದ ಮೂರು ನಿಯಮ ಹುಟ್ಟಿದವು. ಔಷಧದ ಕಪಾಟಿಗೆ ಬೀಗವಿಲ್ಲ, ಬರೀ ಕಾಗದದ ಪಟ್ಟಿ ಅಂಟಿಸುವುದು, ಬೇಕಾದಾಗ ಹರಿಯುವುದು. ಅಪಾಯ ಎಂದು ಕೂಗಿದ ಮೇಲೆ ಚಪ್ಪಲಿಯ ಚಿಂತೆಯಿಲ್ಲ. ಮೂರನೆಯದು, ಯಾರಿಗೆ ಕೆಲಸ ಹೇಳುತ್ತೇವೆಯೋ ಅವರ ಹೆಸರು ಹಿಡಿದು ಹೇಳುವುದು, ಕೇಳಿದವರು ಅದನ್ನೇ ತಿರುಗಿ ಹೇಳುವುದು. “ಸಾವಿತ್ರಿ, ಡ್ರಿಪ್ ಹಚ್ಚು.” “ಡ್ರಿಪ್ ಹಚ್ಚಿದೆ.” ಬಹಳ ಸರಳ ನಿಯಮವೆಂದು ನನಗೆ ಅನ್ನಿಸಿತ್ತು.

ಹುನಗುಂದ ಕಡೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗತೊಡಗಿದಾಗ ನೀಲವ್ವನಿಗೆ ನಾಲ್ಕು ತಿಂಗಳು ನಡೆಯುತ್ತಿತ್ತು. ಅಲ್ಲಿ ಇದ್ದವರು ಒಬ್ಬರೇ ವೈದ್ಯರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಕೈ ಒಳ್ಳೆಯದು, ಮಾತು ಕಡಿಮೆ. ಮೊದಲ ದಿನ ಬಾಗಿಲಿಗೆ ಒರಗಿ ನಿಂತರು.

“ಒಳಗ ಬರ್ರಿ ಸರ್, ನೀವಿಲ್ಲದಽ ತಾಲೀಮು ಹೆಂಗ ಆಗ್ತೈತಿ?” ಎಂದೆ.

“ನಾ ಡಾಕ್ಟರಕಿ ಓದಿದ್ದು ನಾಟಕ ಕಂಪನಿ ಸೇರಾಕಲ್ಲ ಬಾಯಾರ. ಇವರಿಗೆ ಕಲಸ್ರಿ. ನಾ ನೋಡ್ತೇನಿ.”

“ನೀವು ನೋಡಾಕ ನಿಂತ್ರ ಇವರು ನಿಮ್ಮನ್ನ ನೋಡ್ತಾರ್ರಿ. ಪೇಷಂಟ್‌ನ ಯಾರು ನೋಡಬೇಕು?”

ನೀಲವ್ವ ಬಕೆಟ್ಟು ಹಿಡಿದು ಹಿಂದೆ ನಿಂತಿದ್ದಳು. “ಬರ್ರಿ ಸಾಹೇಬ್ರ,” ಎಂದಳು. “ನಾಳೆ ನಾ ಮಲಗಿದಾಗೂ ಅಲ್ಲೇ ಬಾಗಲದಾಗ ನಿಂತೀರಿ ಮತ್ತ.” ತಮಾಷೆಯಾಗಿಯೇ ಹೇಳಿದಳು. ಸಾಹೇಬರು ಒಳಗೆ ಬಂದರು, ಕೈಗವಸು ಹಾಕಿಕೊಂಡರು. ಆಮೇಲೆ ಒಂದು ತಾಲೀಮನ್ನೂ ತಪ್ಪಿಸಲಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಅಲ್ಲಿಯ ಹಿರಿಯ ನರ್ಸ್ ಶಕುಂತಲಾ. ಆ ಭಾಗದಲ್ಲಿ ಅವಳ ಕೈಯಲ್ಲಿ ಹುಟ್ಟಿದ ಮಕ್ಕಳೇ ಈಗ ಮಕ್ಕಳ ತಂದೆತಾಯಿಯರು. ಎಂಥ ಕಷ್ಟದ ಹೆರಿಗೆಯಲ್ಲೂ ಅವಳ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ಆಸ್ಪತ್ರೆಯ ಜೀಪಿನ ಚಾಲಕನ ಹೆಸರು ಮಹಾಂತೇಶ. ಜೀಪು ಕರೆಸುವುದು ಶಕುಂತಲಾಳ ಪಾಲಿನ ಕೆಲಸ.

“ಏ ಡ್ರೈವರ್, ಬಾ ಇಲ್ಲೆ!” ಎಂದು ಆ ತಾಲೀಮಿನಲ್ಲಿ ಕೂಗಿದಳು.

ಹೊರಗೆ ಟೆಂಪೊದವನೊಬ್ಬ ಯಾವುದೋ ರೋಗಿಯನ್ನು ಇಳಿಸುತ್ತಿದ್ದ. ಅವನು ಬಂದು ಬಾಗಿಲಲ್ಲಿ ಇಣುಕಿದ.

“ಹೆಸರ ಹಿಡದು ಕರೀರಿ ಸಿಸ್ಟರ್,” ಎಂದೆ.

ಶಕುಂತಲಾ ನೆಲ ನೋಡಿದಳು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಅವರು ಹೇಳಂಗಿಲ್ರಿ ಅಕ್ಕಾರ. ಅವರ ಮನಿಯವರ ಹೆಸರೂ ಅದಽ ಐತಿ. ಜನಗಣತಿಯವರು ಬಂದಾಗ ನನ್ನ ಕಡಿಂದ ಹೇಳಿಸ್ಯಾರ.”

“ಇಷ್ಟ ವರ್ಷ ನೌಕರಿ ಮಾಡೀರಿ, ಗಂಡಸ್ರು ನಡಗೂ ಹೊತ್ತಿನ್ಯಾಗ ನೀವು ನಡಗಿಲ್ಲ. ಒಂದು ಹೆಸರಿಗೆ ಹಿಂಗ್ಯಾಕ?” ಎಂದೆ.

“ಹೆರಿಗಿ ಬ್ಯಾರೆ, ಇದು ಬ್ಯಾರೆ,” ಎಂದಳು ಶಕುಂತಲಾ. “ಬಾಯಿ ಏಳಂಗಿಲ್ರಿ ಅಕ್ಕಾರ. ಬೇಕಂತ ಮಾಡೂದಲ್ಲ.”

ಮಹಾಂತೇಶನೇ ದಾರಿ ತೋರಿದ. “ನನಗಽ ಬ್ಯಾರೆ ಹೆಸರ ಇಡ್ರಿ ಹಂಗಾರ. ಕಲ್ಲಪ್ಪ ಅನ್ರಿ. ನಮ್ಮಜ್ಜನ ಹೆಸರು.” ಮುಂದಿನ ತಾಲೀಮಿನಲ್ಲಿ ಶಕುಂತಲಾ “ಕಲ್ಲಪ್ಪಾ!” ಎಂದು ಕೂಗಿದಳು. ವರಾಂಡದ ಬೆಂಚಿನಲ್ಲಿ ಸೊಸೆಯ ಹೆರಿಗೆಗೆ ಕಾದು ಕುಳಿತಿದ್ದ ಮುದುಕನೊಬ್ಬ ಎದ್ದು, ರುಮಾಲು ಸರಿಪಡಿಸಿಕೊಂಡು, “ಏನವ್ವಾ, ಗಂಡೋ ಹೆಣ್ಣೋ?” ಎನ್ನುತ್ತ ಬಂದ. ಮಹಾಂತೇಶ ಬೇವಿನ ಮರದ ಕೆಳಗೆ ಬೇರೆ ಕಡೆ ನೋಡುತ್ತ ಕುಳಿತಿದ್ದ. ಹೊಸ ಹೆಸರು ಅವನ ಕಿವಿಗೆ ಇನ್ನೂ ಹತ್ತಿರಲಿಲ್ಲ.

“ಹೆಸರಿನ ರಗಳಿನಽ ಬ್ಯಾಡ,” ಎಂದರು ಸಾಹೇಬರು. “ಕೆಲಸದ ಮ್ಯಾಲೆ ಕರೀರಿ. ಗಾಡಿ ಅಂದ್ರ ಇವನು. ಔಷಧ ಅಂದ್ರ ಇವಳು.”

ಅದು ಸರಿಹೋಯಿತು. ಶಕುಂತಲಾ “ಗಾಡಿ!” ಎನ್ನುವಳು. “ಗಾಡಿ ಬಂತ್ರಿ!” ಎಂದು ವರಾಂಡದಿಂದ ಮಹಾಂತೇಶ ಕೂಗುವನು. ಸುಳ್ಳು ರೋಗಿಗಾಗಿ ಜೀಪು ತೆಗೆಯುವ ಹಾಗಿರಲಿಲ್ಲ. ಆದ್ದರಿಂದ ಆ ಮಾತಿಗೇ ತಾಲೀಮು ಮುಗಿಯಿತೆಂದು ಲೆಕ್ಕ. ನಾನು ಮೇಜಿನಿಂದ ಏಳುತ್ತಿದ್ದೆ, ಚಹಾ ಬರುತ್ತಿತ್ತು. ತಿಂಗಳಿಂದ ತಿಂಗಳಿಗೆ ಕೈಗಳು ಚುರುಕಾದವು. ಎಲ್ಲರ ಜೊತೆ ನೀಲವ್ವನೂ ಚುರುಕಾದಳು. ಹೊಟ್ಟೆ ಮುಂದೆ ಬಂದಂತೆ ಅವಳು ಪಕ್ಕಕ್ಕೆ ತಿರುಗಿ ಮೇಜುಗಳ ನಡುವೆ ಓಡಾಡುತ್ತಿದ್ದಳು. ಯಾವುದಾದ ಮೇಲೆ ಯಾವುದು ಎಂಬುದು ಅವಳ ಬಾಯಲ್ಲಿತ್ತು. ಹೊಸದಾಗಿ ಬಂದ ನರ್ಸ್ ತಡವರಿಸಿದರೆ ಹಿಂದಿನಿಂದ ಪಿಸುಗುಟ್ಟುತ್ತಿದ್ದಳು. ಅವಳು ಹತ್ತಿರ ಬಂದಾಗಲೆಲ್ಲ ಉಳಿದವರ ಕಣ್ಣು ಅವಳ ಹೊಟ್ಟೆಗೆ ಹೋಗಿ ಬರುತ್ತಿದ್ದುದನ್ನು ನಾನು ಮೇಜಿನ ಮೇಲಿನಿಂದ ನೋಡುತ್ತಿದ್ದೆ. ನನ್ನ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಇರುತ್ತಿತ್ತು.

ಸಾಹೇಬರು ಅವಳ ಬಗ್ಗೆ ಮೊದಲೇ ತೀರ್ಮಾನಿಸಿದ್ದರು. ದಿನ ಹತ್ತಿರ ಬರುವ ಮೊದಲೇ ಅವಳು ಬಾಗಲಕೋಟೆಗೆ ಹೋಗಬೇಕು, ನವನಗರದಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದು, ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲೇ ಹೆರಬೇಕು. ನೀಲವ್ವ ಒಪ್ಪಿದ್ದಳು. ಅವಳ ಗಂಡ ಇಳಕಲ್‌ನಲ್ಲಿ ಮಗ್ಗದ ಕೆಲಸಗಾರ. ಹಣಿಗೆಯಲ್ಲಿದ್ದ ಸೀರೆ ನೇಯ್ದು ಇಳಿಸಿ ಅವಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದ್ದ. ಅವಳ ತಾಯಿಯೂ ಬಂದು ಜೊತೆಗಿದ್ದಳು. ಎಲ್ಲ ಗೊತ್ತುಮಾಡಿ ಆಗಿತ್ತು. ನೋವು ಮಾತ್ರ ಮೊದಲೇ ಬಂತು.

ನಾನು ತಿಂಗಳ ತಾಲೀಮಿಗೆಂದು ಬಸ್ಸಿಳಿದ ಬೆಳಗ್ಗೆ ಮಹಾಂತೇಶ ಎಂದಿನಂತೆ ಬಂದು ನನ್ನ ಚೀಲ ತೆಗೆದುಕೊಂಡ. ಅವನು ಆಗಷ್ಟೇ ಮನೆಯಿಂದ ಬಂದಿದ್ದ, ಒಳಗಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ನಾನು ಒಳಗೆ ಕಾಲಿಟ್ಟಾಗ ಮೇಜಿನ ಮೇಲೆ ನೀಲವ್ವ ಇದ್ದಳು, ಕೂಸಿನ ತಲೆ ಕಾಣುತ್ತಿತ್ತು. ಅವಳನ್ನು ಎಲ್ಲಿಗೂ ಕಳಿಸುವ ಹೊತ್ತು ಮೀರಿತ್ತು. ಇನ್ನೊಬ್ಬ ನರ್ಸ್ ಪಲ್ಸ್ ಪೋಲಿಯೊ ಕೆಲಸಕ್ಕೆ ಹಳ್ಳಿಗೆ ಹೋಗಿದ್ದಳು. ಕೋಣೆಯಲ್ಲಿ ಶಕುಂತಲಾ, ಸಾಹೇಬರು, ಬಾಗಿಲಾಚೆ ನೀಲವ್ವನ ತಾಯಿ, ಇಷ್ಟೇ ಜನ.

“ಬಂದ್ರೇನ್ರಿ ಅಕ್ಕಾರ,” ಎಂದಳು ನೀಲವ್ವ ನೋವಿನ ನಡುವೆ. “ಇವತ್ತ ನೀವು ಮಲಗೂದ ಬ್ಯಾಡ. ನಾ ಮಲಗೇನಿ.”

ಕೂಸು ಚೆನ್ನಾಗಿ ಹುಟ್ಟಿತು, ಹೆಣ್ಣು, ಕೂಡಲೇ ಅತ್ತಿತು. ಶಕುಂತಲಾ ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಪಕ್ಕದ ಮೇಜಿನಲ್ಲಿಟ್ಟಳು. ನೀಲವ್ವನ ತೊಡೆಗೆ ಇಂಜೆಕ್ಷನ್ ಕೊಟ್ಟಳು. ಕೂಸಿನ ಹಿಂದೆಯೇ ಮಾಸು ಬಿತ್ತು. ಸಾಹೇಬರು ಅದನ್ನು ತಿರುಗಿಸಿ ನೋಡಿ ಪೂರ್ತಿ ಇದೆ ಎಂದರು. ನನಗೂ ಹಾಗೇ ಕಂಡಿತು. ಆಮೇಲೆ ರಕ್ತ ಶುರುವಾಯಿತು.

ಮುಂದಿನದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಶಕುಂತಲಾ “ಅಪಾಯ” ಎಂದಳು, ದನಿ ಏರಿಸಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟಳು. ಸಾಹೇಬರು ಕಪಾಟಿನ ಕಾಗದ ಹರಿದು ಔಷಧ ತೆಗೆದರು. ಡ್ರಿಪ್ ಹತ್ತಿತು. “ಡ್ರಿಪ್ ಹಚ್ಚೇನಿ,” ಎಂದರು ಸಾಹೇಬರು, ಕಲಿತ ಹಾಗೆ, ಒಂದು ಮಾತೂ ಬಿಡದೆ. ನಾನು ಬಿಪಿ ನೋಡಿ ಹೇಳಿದೆ. ತಾಲೀಮು ಮಾಡಿಸುವವಳು ನಡುವೆ ಬಾಯಿ ಹಾಕಿದರೆ ತಂಡ ಅವಳ ಮುಖ ನೋಡತೊಡಗುತ್ತದೆ. ಆದ್ದರಿಂದ ಕೇಳಿದ್ದನ್ನಷ್ಟೇ ಮಾಡಿದೆ. ಗರ್ಭಕೋಶ ತಿಕ್ಕಿದಾಗ ಗಟ್ಟಿಯಾಗುತ್ತಿತ್ತು, ಕೈ ಬಿಟ್ಟರೆ ಮತ್ತೆ ಮೆತ್ತಗಾಗುತ್ತಿತ್ತು. ಎರಡನೆಯ ಇಂಜೆಕ್ಷನ್ ಕೊಟ್ಟ ಮೇಲೂ ಹಾಗೇ ಆಯಿತು.

“ಗಾಡಿ!” ಎಂದಳು ಶಕುಂತಲಾ.

“ಗಾಡಿ ಬಂತ್ರಿ!” ಎಂದು ವರಾಂಡದಿಂದ ಉತ್ತರ ಬಂತು, ಸ್ಪಷ್ಟವಾಗಿ, ತಡವಿಲ್ಲದೆ.

ಸಾಹೇಬರು ಉಸಿರು ಬಿಟ್ಟರು. ಸ್ಟ್ರೆಚರ್ ಎಳೆದುಕೊಂಡೆವು. ಕೋಣೆಯಲ್ಲಿ ಎಲ್ಲವೂ ಕಲಿತ ಹಾಗೆ ನಡೆದಿತ್ತು. ಏನೋ ಒಂದು ಕಡಿಮೆಯಿದೆ ಎಂದು ನನಗೆ ಅನ್ನಿಸುತ್ತಿತ್ತು, ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎಂಜಿನ್ನಿನ ಸದ್ದು ಇರಲಿಲ್ಲ.

“ಶಕುಂತಲಾ, ಜೀಪಿನ ಸಪ್ಪಳಽ ಇಲ್ಲ,” ಎಂದೆ.

ಅವಳು ಕಿಟಕಿಯತ್ತ ನೋಡಿದಳು. ಮಹಾಂತೇಶ ಬೇವಿನ ಮರದ ಕೆಳಗೆ ಹೋಗಿ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದ. ಅವನು ತನ್ನ ಕೆಲಸ ಮಾಡಿದ್ದ. ಗಾಡಿ ಎಂದರೆ ಗಾಡಿ ಬಂತು ಎನ್ನಬೇಕು. ನಾವು ಅವನಿಗೆ ಕಲಿಸಿದ್ದು ಅಷ್ಟೇ.

“ಗಾಡಿ!” ಎಂದಳು ಮತ್ತೆ.

“ಬಂತ್ರೀ!” ಎಂದ ಅವನು, ನಗುತ್ತ, ಬಸಿ ಎತ್ತಿ ತೋರಿಸಿ.

ಶಕುಂತಲಾ ನನ್ನ ಕೈ ಹಿಡಿದು ತನ್ನ ಕೈಯಿದ್ದ ಜಾಗದಲ್ಲಿಟ್ಟಳು, ಬಾಗಿಲಿಗೆ ಹೋದಳು. “ಮಹಾಂತೇಶಾ!” ಎಂದು ಕೂಗಿದಳು. ವರಾಂಡದಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಮಹಾಂತೇಶನ ಕೈಯಿಂದ ಬಸಿ ಬಿತ್ತು. ಆ ಬಾಯಲ್ಲಿ ಆ ಹೆಸರು ತಾಲೀಮಿಗಾಗಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನು ಏನನ್ನೂ ಕೇಳಲಿಲ್ಲ. ಜೀಪು ಮೆಟ್ಟಿಲವರೆಗೆ ಬಂತು.

“ನಿಮ್ಮನ್ನ ನೋಡಿದ್ನೆಲ್ರಿ ಬಾಯಾರ,” ಎಂದ ಸ್ಟ್ರೆಚರ್ ಎತ್ತುವಾಗ. “ನೀವು ಬಂದೀರಿ ಅಂದ್ರ ತಾಲೀಮು ಅಂತ ತಿಳದೆ.”

ಸಾಹೇಬರು ಅಲ್ಲೇ ಉಳಿದರು. ಬಾಗಲಕೋಟೆಗೆ ಫೋನು ಮಾಡಿ ರಕ್ತ ಸಿದ್ಧವಾಗಿಡಲು ಹೇಳಬೇಕಿತ್ತು. ಆಸ್ಪತ್ರೆಗೆ ಬೇರೆ ವೈದ್ಯರೂ ಇರಲಿಲ್ಲ. ನೀಲವ್ವನ ತಾಯಿ ಮುಂದಿನ ಸೀಟಿಗೆ ಹತ್ತಿದಳು. ಹಿಂದೆ ನಾನು ಮತ್ತು ಶಕುಂತಲಾ. ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ಎರಡರ ನಡುವೆ ಗರ್ಭಕೋಶವನ್ನು ಒತ್ತಿ ಹಿಡಿಯಬೇಕು. ಬಿಡುವಂತಿಲ್ಲ. ತೋಳು ಸೋತಾಗ ಒಬ್ಬರ ನಂತರ ಒಬ್ಬರು ಹಿಡಿದೆವು. ರಸ್ತೆಯ ತಗ್ಗು ಬಂದಾಗಲೆಲ್ಲ ಕೈ ಜಾರುತ್ತಿತ್ತು. ನೀಲವ್ವನ ತುಟಿ ಬಿಳಚಿತ್ತು, ಆದರೆ ಎಚ್ಚರವಿತ್ತು.

“ಹೆಸರ ಹೇಳಿಬಿಟ್ರೆಲ್ರಿ ಸಿಸ್ಟರ್,” ಎಂದಳು.

“ಸುಮ್ಕಿರು.”

“ಮನಿಯಾಗ ಏನ್ ಹೇಳ್ತೀರಿ?”

“ಸುಮ್ಕಿರಽ ನೀಲಿ. ಉಸರ ಉಳಸ್ಕೋ.”

ಸ್ವಲ್ಪ ದೂರ ಹೋದ ಮೇಲೆ ನೀಲವ್ವ ನನ್ನನ್ನು ನೋಡಿದಳು. “ಅಕ್ಕಾರ, ತಾಲೀಮು ಇಲ್ಲಿಗಽ ಮುಗೀತಿತ್ತಲ್ರೀ? ಗಾಡಿ ಬಂದ ಮ್ಯಾಲೆ ನೀವು ಏಳ್ತಿದ್ರಿ. ಮುಂದ ಏನೈತಿ?”

ಇಷ್ಟು ತಿಂಗಳು ನಾವು ಮಾಡಿದ್ದೆಲ್ಲ ಆಸ್ಪತ್ರೆಯ ಮೆಟ್ಟಿಲಿಗೆ ನಿಂತಿತ್ತು. ಓಡುವ ಜೀಪಿನಲ್ಲಿ ಡ್ರಿಪ್ಪಿನ ಬಾಟಲಿ ಯಾರು ಹಿಡಿಯಬೇಕು, ಕೈ ಯಾವಾಗ ಬದಲಿಸಬೇಕು, ಒಂದನ್ನೂ ನಾವು ಕಲಿತಿರಲಿಲ್ಲ. “ಮುಂದ ಬಾಗಲಕೋಟಿ ಐತಿ,” ಎಂದೆ.

ಅಮೀನಗಡ ದಾಟಿದ ಮೇಲೆ ಅವಳು ಕೇಳಿದಳು. “ಕೂಸು ಯಾರ ಕಡೆ ಐತಿ?”

ಶಕುಂತಲಾ ನನ್ನನ್ನು ನೋಡಿದಳು. ನಾನು ಮುಂದಿನ ಸೀಟು ನೋಡಿದೆ. ನೀಲವ್ವನ ತಾಯಿ ತಿರುಗಿದಳು. ಅವಳ ಮಡಿಲು ಬರಿದಾಗಿತ್ತು.

“ನಿಮ್ಮ ಕಡೆ ಇಲ್ಲೇನ್ರಿ?” ಎಂದಳು ಮುದುಕಿ.

ಅದು ಹೇಗಾಯಿತೆಂದು ನನಗೆ ಆ ಕ್ಷಣವೇ ಹೊಳೆಯಿತು. ಆ ಕೋಣೆಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸನ್ನೂ ಸುತ್ತಿಟ್ಟ ಮೇಲೆ ಎತ್ತಿಕೊಳ್ಳುತ್ತಿದ್ದವಳು ನೀಲವ್ವ. ತಾಲೀಮಿನಲ್ಲಿ ಬಟ್ಟೆಯ ಗಂಟನ್ನು ಎತ್ತಿಕೊಂಡು ಮೂಲೆಗೆ ಹೋಗಿ ನಿಲ್ಲುತ್ತಿದ್ದವಳೂ ಅವಳೇ. ಯಾರೂ ಅವಳಿಗೆ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ದಿನ ಪ್ರತಿಯೊಂದು ಕೆಲಸವನ್ನೂ ಒಬ್ಬರು ಕೂಗಿ, ಒಬ್ಬರು ಉತ್ತರ ಕೊಟ್ಟು ಮಾಡಿದ್ದೆವು. ಕೂಸನ್ನು ಮಾತ್ರ, ಯಾವಾಗಲೂ ಎತ್ತಿಕೊಳ್ಳುವವಳಿಗೆ ಬಿಟ್ಟು ಬಂದಿದ್ದೆವು.

ನೀಲವ್ವ ಏಳಲು ನೋಡಿದಳು. “ಹೊಳ್ಳಿ ಹೋಗೂಣ್ರಿ. ಮೇಜ ಮ್ಯಾಲೈತಿ ಅದು. ಬೀಳತೈತಿ.”

“ಅಣ್ಣಾ, ನಿಂದರಸೋ,” ಎಂದು ತಾಯಿ ಮಹಾಂತೇಶನ ತೋಳು ಹಿಡಿದಳು. “ನಾ ಇಳೀತೇನಿ. ನಡಕೊಂತ ಹೋಗ್ತೇನಿ.”

ಜೀಪು ನಿಧಾನವಾಯಿತು. ನಮ್ಮಲ್ಲಿ ಯಾರ ಬಳಿಯೂ ಮೊಬೈಲ್ ಇರಲಿಲ್ಲ. ನೀಲವ್ವ ಅಲುಗಾಡಿದ್ದಕ್ಕೆ ನನ್ನ ಕೈ ಜಾರಿ, ಬೆರಳುಗಳ ಸುತ್ತ ಬಿಸಿಯಾಗಿ ಹರಿಯಿತು.

“ನಿಂದರಸಬ್ಯಾಡ,” ಎಂದಳು ಶಕುಂತಲಾ. ಆಮೇಲೆ ನೀಲವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ನೋಡ ಇಲ್ಲೆ. ಸಾಹೇಬ್ರು ಅದಾರ ಅಲ್ಲಿ. ಕೂಸಿಗೆ ಅವರದಾರ. ನಿನಗ ನಾವದೇವಿ. ನೀ ಸತ್ತು ಹ್ವಾದ್ರ ಅದಕ್ಕ ಯಾರದಾರ? ಮಲ್ಕೋ.”

ನೀಲವ್ವ ಮಲಗಿದಳು. ಕಮತಗಿ ದಾಟುವಾಗ ಅವಳ ಮಾತು ನಿಂತಿತು. ನಾಡಿ ನೂಲಿನಂತಾಗಿತ್ತು. ಕೂಸಿನ ವಿಷಯದಲ್ಲಿ ಸಾಹೇಬರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಫೋನು ಮಾಡಿ ನೇರವಾಗಿ ರೋಗಿಗಳನ್ನು ನೋಡಲು ಹೋಗಿರಬಹುದು, ಹೆರಿಗೆ ಕೋಣೆಯ ಬಾಗಿಲು ಹಾಕಿರಬಹುದು. ಇದು ನನಗೂ ಗೊತ್ತಿತ್ತು, ಶಕುಂತಲಾಳಿಗೂ ಗೊತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಾಗಲಕೋಟೆಯ ಆಸ್ಪತ್ರೆಯ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಫೋನು ಮುಟ್ಟಿತ್ತು. ಅವಳನ್ನು ಒಳಗೆ ಒಯ್ದರು. ನನ್ನ ಬೆರಳುಗಳು ಮಡಚಿದ ಹಾಗೇ ಉಳಿದಿದ್ದವು, ಬಿಡಿಸಲು ಇನ್ನೊಂದು ಕೈ ಬೇಕಾಯಿತು. ಶಕುಂತಲಾ ರಕ್ತದ ಸೀರೆಯಲ್ಲೇ ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಓಡಿದಳು. ನಾನು ಹಿಂದೆ ಹೋಗಿ ಗಾಜಿನ ಬಾಗಿಲು ಹಿಡಿದು ನಿಂತೆ. ರಿಂಗ್ ಬಹಳ ಹೊತ್ತು ಆಯಿತು. ಯಾರೋ ಎತ್ತಿದರು. ಅವಳು ನಮಸ್ಕಾರ ಎನ್ನಲಿಲ್ಲ, ಯಾರು ಎಂದು ಕೇಳಲಿಲ್ಲ.

“ಕೂಸು?” ಎಂದಳು.

ಆ ಕಡೆಯಿಂದ ಸಾಹೇಬರ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. “ನನ್ನ ತೊಡಿ ಮ್ಯಾಲೈತಿ. ಎಲ್ಲಾರೂ ಹತ್ತಿ ಹೋದ್ರಿ, ಇದರ ಸುದ್ದಿನಽ ಯಾರೂ ತಗೀಲಿಲ್ಲ. ಆಕಿ ಹೆಂಗದಾಳ?”

“ಒಳಗದಾಳ್ರಿ,” ಎಂದಳು ಶಕುಂತಲಾ.

ನಾವು ಪೂರ್ತಿ ಇದೆ ಎಂದುಕೊಂಡಿದ್ದ ಮಾಸು ಪೂರ್ತಿ ಇರಲಿಲ್ಲ. ಒಂದು ತುಣುಕು ಒಳಗೇ ಉಳಿದಿತ್ತು. ಅದನ್ನು ತೆಗೆದರು, ರಕ್ತ ಏರಿಸಿದರು. ಸಂಜೆಯವರೆಗೂ ಯಾರೂ ನಮಗೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನೀಲವ್ವನ ಗಂಡ ಇಳಕಲ್‌ನಿಂದ ಬಂದು, ಮಗ್ಗದ ನೂಲಿನ ಎಳೆಗಳು ಅಂಟಿದ ಅಂಗಿಯಲ್ಲೇ ಗೋಡೆಗೆ ಒರಗಿ ಕುಳಿತಿದ್ದ. ಮಹಾಂತೇಶ ಅವನ ಒಂದು ಪಕ್ಕ, ನೀಲವ್ವನ ತಾಯಿ ಇನ್ನೊಂದು ಪಕ್ಕ ಕುಳಿತಿದ್ದರು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ತಿಂಗಳಿನಿಂದ ನಮ್ಮ ಪ್ರತಿ ತಾಲೀಮಿನಲ್ಲೂ ಎಂಜಿನ್ ಚಾಲೂ ಆಯಿತು, ಜೀಪು ಹೊರಟು ರಸ್ತೆಯ ತಿರುವಿನವರೆಗೆ ಹೋಗಿ ಬಂತು, ಅದರಲ್ಲಿ ಮಲಗಿ ನಾನೂ ಹೋಗಿ ಬಂದೆ. ಮೇಲಿನವರು ಡೀಸೆಲ್ಲಿನ ಬಗ್ಗೆ ಕೇಳಿದಾಗ ಸಾಹೇಬರೇ ಉತ್ತರ ಕೊಟ್ಟರು. ನಿಜವಾದ ಅಪಾಯವಾದರೆ “ಖರೆ” ಎಂಬ ಮಾತನ್ನು ಸೇರಿಸಿ ಕೂಗುವುದು, ತಾಲೀಮಿನಲ್ಲಿ ಆ ಮಾತು ಆಡಕೂಡದು ಎಂದು ಗೊತ್ತುಮಾಡಿದೆವು. ಕೂಸಿನ ಹೊಣೆಯನ್ನು ಬಾಯಿಬಿಟ್ಟು ಒಬ್ಬರಿಗೆ ಒಪ್ಪಿಸದೆ ಯಾರೂ ಕೋಣೆ ಬಿಡುವಂತಿಲ್ಲ ಎಂದೂ ಆಯಿತು. ತಾಲೀಮು ಕಲಿಸಿದ್ದನ್ನೇ ಕೈ ಮಾಡುತ್ತದೆ. ನಾವು ಎಲ್ಲಿ ನಿಲ್ಲಿಸಿದೆವೋ ಕೈಯೂ ಅಲ್ಲೇ ನಿಲ್ಲುತ್ತದೆ. ಕೈ ಚುರುಕಾದಷ್ಟೂ ಇದರ ಭಯ ಹೆಚ್ಚಿರಬೇಕು, ಕಡಿಮೆಯಾಗಬಾರದು.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ರಕ್ತ ನಿಂತಿದೆ, ಒಬ್ಬರು ಹೋಗಿ ಮಾತಾಡಿಸಬಹುದು ಎಂದರು. ಗಂಡ ಎದ್ದು ನಿಂತ, ಮತ್ತೆ ಕುಳಿತ, ಶಕುಂತಲಾಳತ್ತ ಕೈ ಮಾಡಿದ. “ನೀವಽ ಹೋಗ್ರಿ ಸಿಸ್ಟರ್. ಕೂಸಿನ ಸುದ್ದಿ ಕೇಳ್ತಾಳ. ನನಗ ಹೇಳಾಕ ಬರಂಗಿಲ್ಲ.” ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ನರ್ಸ್ ತಡೆಯಲಿಲ್ಲ.

ನೀಲವ್ವ ಕಣ್ಣು ಬಿಟ್ಟಿದ್ದಳು. ತನಗೇನಾಯಿತೆಂದು ಕೇಳಲಿಲ್ಲ.

“ಸಾಹೇಬ್ರ ಹತ್ರ ಐತಿ,” ಎಂದಳು ಶಕುಂತಲಾ. “ಆಗಿಂದ ಅವರ ತೊಡಿ ಮ್ಯಾಲಽ ಐತಿ.”

ನೀಲವ್ವ ಅವಳತ್ತ ತಲೆ ತಿರುಗಿಸಿದಳು. “ಅವರಿಗೆ ಕೂಸು ಹಿಡಿಯಾಕ ಬರ್ತೈತೇನ್ರಿ?”

“ಬರಂಗಿಲ್ಲ,” ಎಂದಳು ಶಕುಂತಲಾ. “ಆದ್ರ ಕೆಳಗ ಇಟ್ಟಿಲ್ಲ.”